ಮಿಲ್ಲಿನ ಗೋಡೆಯ ಪಕ್ಕದ ಬಸ್ಸು

ನಮ್ಮೂರಿನಲ್ಲಿ ವಯಸ್ಸಾದವರಿಗೆ ದಾರಿ ಉದ್ದ. ಹೊರಗಿನಿಂದ ಬಂದವರಿಗೆ ಹೀಗೆಂದರೆ, ‘ಎಲ್ಲ ಊರಲ್ಲೂ ಹಾಗೇ ಅಲ್ವೇ, ಮಂಡಿನೋವು’ ಎಂದು ತಲೆಯಾಡಿಸುತ್ತಾರೆ. ಮಂಡಿಯ ಮಾತಲ್ಲ. ನಮ್ಮ ಮನೆಯಿಂದ ಸಂತೆಮಾಳ ನನಗೆ ಬಿಸಿ ಹಾಲು ಆರುವಷ್ಟರಲ್ಲಿ ಸಿಗುತ್ತದೆ. ಅಮ್ಮನಿಗೆ ಅದೇ ಸಂತೆಮಾಳ ಸ್ವಲ್ಪ ಹಿಂದಕ್ಕೆ ಸರಿದಿದೆ. ಅಜ್ಜಿಗೆ ಅದು ಬುತ್ತಿ ಕಟ್ಟಿಕೊಂಡು ಹೊರಡಬೇಕಾದ ದೂರದ ಜಾಗ. ಚಿಕ್ಕವಳಿದ್ದಾಗ ನಾನು ಅಜ್ಜಿಯ ಕೈ ಹಿಡಿದುಕೊಂಡು ಮಾರಮ್ಮನ ಗುಡಿಗೆ ಹೊರಟರೆ ನನ್ನ ಪಾಲಿನ ದಾರಿಯೂ ಹಿಗ್ಗುತ್ತಿತ್ತು. ಬೀದಿಯ ಕೊನೆಯ ಹುಣಸೆಮರದ ನೆರಳಲ್ಲಿ ಕೂತು ಚಿತ್ರಾನ್ನ ತಿಂದು ಮುಂದೆ ಹೋಗುತ್ತಿದ್ದೆವು. ಕೈ ಬಿಟ್ಟರೆ ಗುಡಿ ಅಲ್ಲೇ ಎದುರಿಗೆ. ನಾನು ಬಿಡುತ್ತಿರಲಿಲ್ಲ. ಬಿಟ್ಟು ಓಡಿದ ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ತಮ್ಮ ಅಜ್ಜಿಯರಿಗಾಗಿ ಇಡೀ ದಿನ ಕಾಯುತ್ತಿದ್ದವು.

ಊರು ಇದಕ್ಕೆ ಒಗ್ಗಿಕೊಂಡಿದೆ. ಜಗಲಿಗಳ ಮೇಲೆ ದಾರಿ ನಡೆಯುವ ಮುದುಕರಿಗೆಂದು ತಂಬಿಗೆಯಲ್ಲಿ ನೀರಿಟ್ಟಿರುತ್ತಾರೆ. ಬೆಳಿಗ್ಗೆ ಔಷಧಿ ಅಂಗಡಿಯ ಮುಂದೆ ಕಂಡ ತಾತ ಸಂಜೆ ಪಕ್ಕದ ಸಲೂನಿನ ಮುಂದೆ ಕಂಡರೆ, ‘ಪರ್ವಾಗಿಲ್ವೆ ತಾತ, ಇವತ್ತು ಜೋರಾಗೇ ನಡ್ದಿದೀಯ’ ಎನ್ನುತ್ತೇವೆ. ಆಟೋದವರು ನರೆಗೂದಲು ಕಂಡರೆ ಗಾಡಿ ನಿಲ್ಲಿಸುವುದಿಲ್ಲ. ಪೆಟ್ರೋಲು ಹಾಕಿ ಪೂರೈಸುವುದಿಲ್ಲ. ಸತ್ತವರಿಗೆ ಮಾತ್ರ ದಾರಿಯೇ ಇಲ್ಲ. ಚಟ್ಟ ಎತ್ತಿದರೆ ಸಾಕು, ಸ್ಮಶಾನ ಬಾಗಿಲಲ್ಲೇ ಇದ್ದ ಹಾಗೆ. ಹೊತ್ತವರು, ಹಿಂದೆ ಹೊರಟವರು, ಮುದುಕರಿರಲಿ ಮಕ್ಕಳಿರಲಿ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಅಲ್ಲಿರುತ್ತಾರೆ. ಅದಕ್ಕೇ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಮುದುಕರ ಮುಖದಲ್ಲಿ ದುಃಖದ ಜೊತೆಗೇ ಒಂದು ಕಳ್ಳ ಹಿಗ್ಗು ಕಾಣುತ್ತದೆ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಾರೆ. ಮಣ್ಣು ಮುಗಿದು ವಾಪಸು ಬರುವ ದಾರಿ ನೆನಪಾದ ಮೇಲೆಯೇ ನಿಜವಾಗಿ ಅಳುತ್ತಾರೆ.

ಇದ್ದ ಒಂದೇ ದಿಕ್ಕೆಂದರೆ ಬಸ್ಸು. ಬಸ್ಸಿನಲ್ಲಿ ದಾರಿ ಹಂಚಿಹೋಗುತ್ತದೆ. ಎಳೆಯರ ಗಿಡ್ಡ ದಾರಿ, ಹಿರಿಯರ ಉದ್ದ ದಾರಿ ಎರಡೂ ಕಲೆತು ಎಲ್ಲರಿಗೂ ಒಂದು ನಡುವಿನ ದಾರಿ ಸಿಗುತ್ತದೆ. ಅರವತ್ತು ದಾಟಿದವರಿಗೆ ಟಿಕೆಟ್ಟಿಲ್ಲ ಎಂದು ಯಾವ ಕಾಲದಲ್ಲಿ ಯಾರು ಮಾಡಿದರೋ, ಅವರ ಹೆಸರು ಕೂಡ ಊರಿಗೆ ಗೊತ್ತಿಲ್ಲ. ನನ್ನ ಅಜ್ಜಿ ಹೊನ್ನಮ್ಮ ಮಂಗಳವಾರ ತಪ್ಪಿದರೆ ಶುಕ್ರವಾರ, ಶುಕ್ರವಾರ ತಪ್ಪಿದರೆ ಮಂಗಳವಾರ, ಆ ಬಸ್ಸು ಹತ್ತಿ ಊರಿನ ಆಚೆ ತುದಿಯ ಕೆರೆಕೋಡಿಗೆ ಹೋಗುತ್ತಿದ್ದಳು. ಅಲ್ಲಿ ಅವಳ ತಂಗಿ, ನನ್ನ ಚಿಕ್ಕಜ್ಜಿ ಬೋರಮ್ಮ, ಲಕ್ವ ಹೊಡೆದು ಮಲಗಿದ್ದಳು. ಚಿಕ್ಕಜ್ಜಿಗೆ ಮಂಡಿ ಮುಟ್ಟುವ ಕೂದಲು. ಅದನ್ನು ಮಗ ಸೊಸೆ ಯಾರೂ ಮುಟ್ಟುವಂತಿಲ್ಲ. ಅಕ್ಕನೇ ಬರಬೇಕು, ಹರಳೆಣ್ಣೆ ಹಚ್ಚಬೇಕು, ಮರದ ಬಾಚಣಿಗೆಯಲ್ಲಿ ಬಾಚಬೇಕು, ಹೆಣೆಯಬೇಕು. ಬಾಚುವಾಗ ಇಬ್ಬರೂ ಸತ್ತ ತಮ್ಮ ಅವ್ವನನ್ನು ಬೈಯುತ್ತಿದ್ದರು. ಅದೇ ಅವರ ಸುಖ.

ಕೆಲಸಕ್ಕೆ ಹೋಗುವಾಗ ನಾನೂ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಡಿಗ್ರಿ ಮುಗಿಸಿ, ಕಾಲೇಜಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೂರುತ್ತಿದ್ದೆ. ಕಿಟಕಿಯ ಸೀಟು ಸಿಕ್ಕರೆ ಸಾಕು, ನನ್ನನ್ನು ಯಾರೂ ಮಾತನಾಡಿಸದಿದ್ದರೆ ಇನ್ನೂ ಒಳ್ಳೆಯದು. ಆದರೆ ಬಸ್ಸಿನ ಮಾತು ಕೇಳುವುದು ನನಗೆ ಇಷ್ಟ. ಹಿಂದಿನ ಸೀಟಿನ ಹುಡುಗನೊಬ್ಬ ಒಮ್ಮೆ ಗೊಣಗಿದ: “ಅಜ್ಜಿ, ನೀವು ಹತ್ತಿದ್ರಿ, ನನ್ನ ಕಾಲೇಜು ಎರಡು ಮೈಲಿ ಹಿಂದಕ್ ಹೋಯ್ತು ನೋಡಿ.” ಅಜ್ಜಿ ತಿರುಗಿಯೂ ನೋಡದೆ, “ನೀನು ಹತ್ತಿದ್ದಕ್ಕೆ ನನ್ ತಂಗಿ ಮನೆ ಹತ್ರ ಬಂತಲ್ಲಪ್ಪ. ನಿನ್ ಹೊಟ್ಟೆ ತಣ್ಣಗಿರ್ಲಿ,” ಎಂದಳು. ಬಸ್ಸೆಲ್ಲ ನಕ್ಕಿತು. ಹುಡುಗನೂ ನಕ್ಕ. ಆದರೆ ಅವನು ಆಮೇಲೆ ವಾಚು ನೋಡಿಕೊಂಡದ್ದನ್ನೂ ನಾನು ನೋಡಿದೆ.

ವಾಚು ನೋಡಿಕೊಳ್ಳುವವರು ಹೆಚ್ಚಾದರು. ಊರಲ್ಲಿ ಮೊದಲಿಗಿಂತ ಮುದುಕರೂ ಹೆಚ್ಚಿದ್ದರು, ಬಸ್ಸು ಮೊದಲಿಗಿಂತ ನಿಧಾನವಾಗಿತ್ತು. ಪರೀಕ್ಷೆ ತಪ್ಪಿಸಿಕೊಂಡವರು, ಅಕ್ಕಿ ಮಿಲ್ಲಿನ ಪಾಳಿ ತಪ್ಪಿಸಿಕೊಂಡವರು ಪುರಸಭೆಯ ಮುಂದೆ ಗುಂಪು ಕಟ್ಟಿದರು. ಮುದುಕರ ಫ್ರೀ ತೆಗೆಯುತ್ತಾರಂತೆ ಎಂದು ಸುದ್ದಿ ಹಬ್ಬಿತು. ಸಭೆ ಕರೆದ ದಿನ ಮುದುಕರು ಹಿಂದಿನ ದಿನವೇ ಮನೆ ಬಿಟ್ಟು, ದಾರಿಯಲ್ಲೇ ಮಲಗಿದ್ದು, ಬೆಳಿಗ್ಗೆ ಪುರಸಭೆಯ ಅಂಗಳ ತುಂಬಿದರು. ನಾನು ಅಜ್ಜಿಯ ನೀರಿನ ಬಾಟಲಿ ಹಿಡಿದುಕೊಂಡು ಕಂಬದ ಮರೆಯಲ್ಲಿ ನಿಂತಿದ್ದೆ.

ನಮ್ಮ ವಾರ್ಡಿನ ಮೆಂಬರ್ ಲೋಕಪ್ಪ ಒಳ್ಳೆಯ ಮಾತುಗಾರ. ಕೈ ಮುಗಿದುಕೊಂಡೇ ಎದ್ದ. “ಯಾರ್ ಹೇಳಿದ್ದು ಫ್ರೀ ತೆಗೀತೀವಿ ಅಂತ? ನಮ್ಮನ್ನ ಹೆತ್ತೋರಿಂದ ದುಡ್ಡು ಇಸ್ಕೊಳ್ಳೋಷ್ಟು ಗತಿಗೆಟ್ಟಿದೀವಾ ನಾವು? ಫ್ರೀ ಇದ್ದೇ ಇರುತ್ತೆ. ಇವತ್ತಿಗೂ ಫ್ರೀ, ಮುಂದಕ್ಕೂ ಫ್ರೀ.”

“ಬಾಯ್ಮಾತಲ್ಲಿ ಬೇಡ ಕಣಪ್ಪ, ಗಟ್ಟಿ ಮಾಡಿ ಹೇಳು,” ಎಂದಿತು ಒಂದು ಮುದಿ ದನಿ.

“ಗಟ್ಟಿ ಮಾತೇ ತಾತ. ಅಷ್ಟೇ ಅಲ್ಲ, ನಿಮಗೇ ಅಂತ ಬೇರೆ ಬಸ್ಸು ಬಿಡ್ತಾ ಇದೀವಿ. ಮೆತ್ತನೆ ಸೀಟು. ಹುಡುಗರ ನೂಕಾಟ ಇಲ್ಲ, ಕಾಲು ತುಳಿಯೋರಿಲ್ಲ. ಡ್ರೈವರು, ಕಂಡಕ್ಟರು ಕೂಡ ನಿಮ್ಮ ವಾರಿಗೆಯೋರೇ, ರಿಟೈರ್ ಆದೋರನ್ನೇ ಕರ್ಸಿದೀವಿ. ಏನ್ ದಸ್ತಗೀರ್ ಸಾಬ್ರೆ?”

ನಿವೃತ್ತ ಕಂಡಕ್ಟರ್ ದಸ್ತಗೀರ್ ಸಾಬರು ಎದ್ದು ನಿಂತರು. ಹಳೆಯ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು; ಕೊರಳಲ್ಲಿ ಸೀಟಿ. ಚಪ್ಪಾಳೆ ಬಿತ್ತು. ಅಜ್ಜಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. “ಟಿಕೆಟ್ಟಿಲ್ಲ ತಾನೆ? ಕೊನೇವರ್ಗೂ ಇಲ್ಲ ತಾನೆ?” ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. ಇನ್ನೇನನ್ನೂ ಯಾರೂ ಕೇಳಲಿಲ್ಲ. ಕಾಸಿನ ಭಯದಲ್ಲಿ ಬಂದವರು ಕಾಸಿನ ಮಾತು ಗೆದ್ದು ವಾಪಸು ಹೊರಟರು. ಎಳೆಯರಿಲ್ಲದ ಬಸ್ಸಿನಲ್ಲಿ ದಾರಿ ಹಂಚಿಕೊಳ್ಳುವವರು ಯಾರು ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಸಭೆ ಎದ್ದಿತ್ತು.

ಹೊಸ ಬಸ್ಸು ಒಂದು ಮಂಗಳವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದ ಹೊರಟಿತು. ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ. ಅಜ್ಜಿ ಮುಂದಿನ ಸೀಟು ಹಿಡಿದು, ಎಣ್ಣೆ ಶೀಸೆ, ಬಾಚಣಿಗೆ ಇದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನತ್ತ ಕೈ ಬೀಸಿದಳು. “ಸಂಜೆಗೆ ಬಂದ್ಬಿಡ್ತೀನಿ ಸುಗುಣಿ, ಕಾಳು ನೆನೆಹಾಕಿರು.” ದಸ್ತಗೀರ್ ಸಾಬರು ಸೀಟಿ ಊದಿದರು. ಬಸ್ಸು ನಿಲ್ದಾಣದ ಗೇಟು ದಾಟುವಷ್ಟರಲ್ಲಿ ನಾನು ಅಂಗಡಿಗೆ ಹೋಗಿ, ಬಾಗಿಲು ತೆಗೆದು, ಕಸ ಗುಡಿಸಿ, ಮೊದಲ ಗಿರಾಕಿಗಳನ್ನು ಕಳಿಸಿ ಆಗಿತ್ತು. ನಮ್ಮ ಬಸ್ಸು ಅಂದು ಹಾರಿಕೊಂಡು ಬಂದಿತ್ತು. ಹುಡುಗರು ಸೀಟಿ ಹೊಡೆದಿದ್ದರು.

ಸಂಜೆ ಕಾಳು ನೆನೆಯಿತು, ಅಜ್ಜಿ ಬರಲಿಲ್ಲ. ಮರುದಿನ ಹುಡುಕಿಕೊಂಡು ಹೋದೆ. ಬಸ್ಸು ಅಕ್ಕಿ ಮಿಲ್ಲಿನ ಗೋಡೆಯ ಪಕ್ಕದಲ್ಲಿತ್ತು. ನಿಂತಿರಲಿಲ್ಲ. ಎಂಜಿನ್ ಮೊರೆಯುತ್ತಿತ್ತು, ಚಕ್ರ ಗಿರಗಿರ ತಿರುಗುತ್ತಿತ್ತು, ಡ್ರೈವರು ಬೆವರು ಒರೆಸಿಕೊಂಡು ಗೇರು ಬದಲಿಸುತ್ತಿದ್ದ. ಆದರೂ ಬಸ್ಸು ಬಸವನಹುಳುವಿನ ಹಾಗೆ ಸುಣ್ಣದ ಗೋಡೆಗೆ ಅಂಟಿಕೊಂಡಂತಿತ್ತು. ನಾನು ಪಕ್ಕದಲ್ಲಿ ನಡೆಯುತ್ತ, ಮತ್ತೆ ಮತ್ತೆ ನಿಲ್ಲುತ್ತ, ಕಿಟಕಿಯಲ್ಲಿ ಮಾತನಾಡಿಸಿದೆ.

“ಎಷ್ಟ್ ದೊಡ್ಡ ಮಿಲ್ಲು ಕಣೆ ಇದು,” ಎಂದಳು ಅಜ್ಜಿ ಅಚ್ಚರಿಯಿಂದ. “ರಾತ್ರಿಯೆಲ್ಲ ಓಡಿದೀವಿ, ಗೋಡೆ ಮುಗ್ದಿಲ್ಲ.”

“ಇಳ್ದು ಬಂದ್ಬಿಡಜ್ಜಿ.”

“ಇಳ್ದು ಎಲ್ಲಿಗ್ ಬರ್ಲೆ? ಹಿಂದಕ್ಕೂ ಅಷ್ಟೇ ಗೋಡೆ. ಕಾಲಲ್ಲಿ ನಡೆದ್ರೆ ಈ ವರ್ಷ ಮುಗಿಯುತ್ತೆ.” ಆಮೇಲೆ ದನಿ ತಗ್ಗಿಸಿ, “ಬೋರಿ ತಲೆ ಜಡೆಗಟ್ಟಿರುತ್ತೆ. ನೀನು ಹೋಗಿ ಒಂದ್ಸಲ ಬಾಚ್ಬಾರೆ, ಅಕ್ಕ ದಾರೀಲಿದಾಳೆ ಅನ್ನು,” ಎಂದಳು. ಎಣ್ಣೆ ಶೀಸೆ ಕೊಟ್ಟಳು. ಬಾಚಣಿಗೆ ಕೊಡಲಿಲ್ಲ.

ನಾನು ಮಿಲ್ಲು ದಾಟಿ ಕೆರೆಕೋಡಿಗೆ ನಡೆದೇ ಹೋದೆ. ನನಗೆ ಅದೇನು ಮಹಾ ದೂರ! ಚಿಕ್ಕಜ್ಜಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. ಕೂದಲು ದಿಂಬಿನ ಮೇಲೆ ಗಂಟುಗಂಟಾಗಿ ಬಿದ್ದಿತ್ತು. ನಾನು ಎಣ್ಣೆಯ ಕೈ ಮುಂದೆ ಮಾಡಿದರೆ ಆಡುವ ಒಂದು ಕೈಯಿಂದ ತಳ್ಳಿದಳು. ಸೊಟ್ಟಗಾದ ಬಾಯಲ್ಲಿ, “ಅಕ್ಕ?” ಎಂದಳು.

“ಬರ್ತಾ ಇದಾಳೆ ಚಿಕ್ಕಜ್ಜಿ. ಮಿಲ್ ಹತ್ರ ಇದಾಳೆ.”

“ಮಿಲ್ಲು...” ಎಂದು ಕಣ್ಣು ಮುಚ್ಚಿದಳು. ಅವಳಿಗೂ ಗೊತ್ತಿತ್ತು, ಆ ಗೋಡೆ ಎಷ್ಟು ಉದ್ದವೆಂದು.

ಹೀಗೆ ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಊರು ಇದಕ್ಕೂ ಒಗ್ಗಿತು. ಮನೆಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಿಲ್ಲಿನ ಹತ್ತಿರ ಹೋಗಿ ಕಿಟಕಿಯಲ್ಲಿ ಊಟದ ಡಬ್ಬಿ, ಮಾತ್ರೆ, ಒಗೆದ ಸೀರೆ ಕೊಟ್ಟು ಬರುತ್ತಿದ್ದರು. ಪುರಸಭೆಯವರು ಡೀಸೆಲ್ಲು ತಂದು ಹಾಕುತ್ತಿದ್ದರು. ಗೋಡೆಗೆ ಬಿದಿರಿನ ತಟ್ಟಿ ಕಟ್ಟಿ ಹೆಂಗಸರಿಗೆ ಮರೆ ಮಾಡಿಕೊಟ್ಟರು. ನಾವು ಎಳೆಯರೆಲ್ಲ ಹತ್ತಿ ಕೂತುಬಿಟ್ಟರೆ ಬಸ್ಸು ಓಡುತ್ತದೆಂದು ಎಲ್ಲರಿಗೂ ಗೊತ್ತಿತ್ತು. ‘ಎಲ್ರೂ ಹತ್ತೋದಾದ್ರೆ ನಾನೂ ಹತ್ತೀನಿ’ ಎನ್ನುವವರೇ ಎಲ್ಲ. ಒಂದು ದಿನ ನಾನೊಬ್ಬಳೇ ಮೆಟ್ಟಿಲ ಮೇಲೆ ಕಾಲಿಟ್ಟೆ. ದಸ್ತಗೀರ್ ಸಾಬರು ಬಾಗಿಲಿಗೆ ಕೈ ಅಡ್ಡ ಹಿಡಿದರು.

“ಅರವತ್ತಾಯ್ತೇನಮ್ಮ ನಿಂಗೆ? ನೋಡಿದ್ರೆ ಗೊತ್ತಾಗಲ್ಲ,” ಎಂದು ನಗಿಸಲು ನೋಡಿದರು. ನಾನು ನಗದಿದ್ದಾಗ ಮೆಲ್ಲಗೆ ಹೇಳಿದರು: “ಒಬ್ಳು ಹತ್ತಿದ್ರೆ ಏನೂ ಆಗಲ್ಲ ಮಗ. ನಾವು ಇಷ್ಟು ಜನ, ನಿನ್ನ ಒಬ್ಳ ದಾರಿ ಸಮುದ್ರಕ್ಕೆ ಉಪ್ಪು ಹಾಕಿದಂಗೆ. ನೀನೂ ಇಲ್ಲೇ ಸಿಕ್ಕೊಂತೀಯ. ಡಬ್ಬಿ ತರೋರಾದ್ರೂ ಹೊರಗಿರ್ಲಿ. ಇಳಿ.” ಇಳಿದೆ.

ಕೆರೆಕೋಡಿಯಲ್ಲಿ ಚಿಕ್ಕಜ್ಜಿ ದಿನಕ್ಕೊಂದು ತುತ್ತು ಕಡಿಮೆ ಮಾಡುತ್ತ ಬಂದಳು. ನಾನು ಎರಡೂ ಕಡೆ ಸುದ್ದಿ ಹೊರುತ್ತಿದ್ದೆ. ಅಲ್ಲಿ ‘ಗೋಡೆ ಮುಗೀತಾ ಬಂತು’ ಎನ್ನುತ್ತಿದ್ದೆ, ಇಲ್ಲಿ ‘ಇವತ್ತು ಗಂಜಿ ಕುಡಿದಳು’ ಎನ್ನುತ್ತಿದ್ದೆ. ಎರಡೂ ಪೂರ್ತಿ ನಿಜವಲ್ಲ. ಅಜ್ಜಿ ನನ್ನ ಮುಖ ನೋಡಿ, “ನಿನ್ನವ್ವನಂಗೇ ಕಣೆ ನೀನು, ಸುಳ್ ಹೇಳೋವಾಗ ಮೂಗು ಮುಟ್ಕೊಂತೀಯ,” ಎಂದಳು. ಆಮೇಲೆ ಮುಂದಿನ ಸೀಟಿನಿಂದಲೇ ಡ್ರೈವರನನ್ನು ಬೈದಳು: “ಏನಣ್ಣ, ಎತ್ತಿನ ಗಾಡಿ ಓಡಿಸ್ತೀಯೋ ಬಸ್ ಓಡಿಸ್ತೀಯೋ? ನನ್ ತಂಗಿ ಕಾಯ್ತಾ ಇದಾಳೆ.” ಅವನು ತಿರುಗಿ ನೋಡಲಿಲ್ಲ. ಅವನ ಕುತ್ತಿಗೆಯ ನರ ಮಾತ್ರ ಉಬ್ಬಿತು.

ಚಿಕ್ಕಜ್ಜಿ ಒಂದು ಬೆಳಗಿನ ಜಾವ ಹೋಗಿಬಿಟ್ಟಳು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಬಿದಿರು ಕಡಿಯುತ್ತಿದ್ದರು. ಅವಳ ಮಗ ಮಾದೇಶ್ ಮಾವ ಕಂಬಕ್ಕೊರಗಿ ಕೂತಿದ್ದ. ನೀರು ಹಾಕಿ, ಸೀರೆ ಉಡಿಸಿ, ಕುಂಕುಮವಿಟ್ಟು ಎಲ್ಲ ಆಗಿತ್ತು. ಕೂದಲು ಮಾತ್ರ ಹಾಗೇ ಇತ್ತು. ಸೊಸೆ ಬಾಚಣಿಗೆ ತಂದಳು, ಹಾಗೇ ಕೆಳಗಿಟ್ಟಳು. “ಬದುಕಿದ್ದಾಗ ಮುಟ್ಟಿಸ್ಕೊಳ್ಳಲಿಲ್ಲ, ಈಗ ಹೆಂಗೆ ಮುಟ್ಲಿ,” ಎಂದು ಅತ್ತಳು. “ದೊಡ್ಡಮ್ಮ ಬರೋವರೆಗೂ ಎತ್ತಲ್ಲ,” ಎಂದ ಮಾವ. “ನಿಮ್ಮ ದೊಡ್ಡಮ್ಮ ಬರೋವರೆಗೆ ಹೆಣ ಇರುತ್ತೇನಯ್ಯ? ಅವಳು ಮಿಲ್ಲಿನ ಹತ್ರ ಇದಾಳೆ,” ಎಂದರು ಯಾರೋ.

ಅಷ್ಟು ಜನರ ಮುಂದೆ ನಾನು ಅದುವರೆಗೆ ಎಂದೂ ಬಾಯಿ ತೆರೆದವಳಲ್ಲ. ನನ್ನ ದನಿ ನನಗೇ ಬೇರೆಯವರದೆನಿಸಿತು. “ಮಾವ, ಅಜ್ಜಿಗೆ ದಾರಿ ಉದ್ದ. ಚಿಕ್ಕಜ್ಜಿಗೆ ಇನ್ನು ದಾರಿಯೇ ಇಲ್ಲವಲ್ಲ. ನಾವೇ ಅಲ್ಲಿಗೆ ಕರ್ಕೊಂಡು ಹೋಗೋಣ.”

ಚಟ್ಟ ಎತ್ತಿದರು. ಎತ್ತಿದ ಉಸಿರು ಬಿಡುವ ಮೊದಲೇ ಎದುರಿಗೆ ಸುಣ್ಣದ ಗೋಡೆ ಇತ್ತು, ಬಸ್ಸಿತ್ತು, ಮುಂದಿನ ಕಿಟಕಿಯಲ್ಲಿ ಅಜ್ಜಿಯ ಮುಖವಿತ್ತು. ಡ್ರೈವರು ತಾನಾಗಿಯೇ ಬಸ್ಸು ನಿಲ್ಲಿಸಿದ. ಅಜ್ಜಿ ಅಳಲಿಲ್ಲ. “ನೀನೇ ಬಂದ್ಯೇನೆ,” ಎಂದಳು. “ನಾನು ಬರ್ತಾನೇ ಇದ್ದೆ ಕಣೆ.” ಆಮೇಲೆ ದಸ್ತಗೀರ್ ಸಾಬರತ್ತ ತಿರುಗಿದಳು. “ಸಾಬ್ರೆ, ನನ್ ತಂಗೀಗೆ ಅರವತ್ತು ದಾಟಿ ಬೇಕಾದಷ್ಟು ವರ್ಷ ಆಯ್ತು. ಹತ್ತಿಸ್ಕೊಳ್ಳಿ.”

ಸಾಬರ ಕೈ ಸೀಟಿಯ ಮೇಲೆ ಹೋಯಿತು, ನಿಂತಿತು. ನಲವತ್ತು ವರ್ಷ ಬಸ್ಸಿನಲ್ಲಿ ಕೋಳಿ ಬೇಡ, ಕುರಿ ಬೇಡ, ಹೆಣ ಬೇಡ ಎಂದವರು ಅವರು. ಬಸ್ಸಿನಲ್ಲಿದ್ದ ಮುದುಕರೆಲ್ಲ ಅವರನ್ನೇ ನೋಡುತ್ತಿದ್ದರು. ಯಾರ ಕಣ್ಣಲ್ಲೂ ಬೇಡಿಕೆಯಿರಲಿಲ್ಲ. ಹೆಣ ಹತ್ತಿದರೆ ದಾರಿ ಎಷ್ಟಾಗುತ್ತದೆಂಬ ಲೆಕ್ಕ ಅವರಿಗೆಲ್ಲ ಗೊತ್ತಿತ್ತು. ಸಾಬರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. “ಹುಷಾರಾಗಿ. ತಲೆ ಕಡೆಯಿಂದ ಮೊದ್ಲು,” ಎಂದರು. ಹೊತ್ತವರು ಚಿಕ್ಕಜ್ಜಿಯನ್ನು ಮುಂದಿನ ಉದ್ದ ಸೀಟಿನ ಮೇಲೆ ಮಲಗಿಸಿ ಇಳಿದರು. ನಾನು ಬಾಗಿಲಲ್ಲೇ ನಿಂತೆ. ಈ ಸಲ ಯಾರೂ ಇಳಿ ಎನ್ನಲಿಲ್ಲ.

ಡ್ರೈವರು ಗೇರಿಗೆ ಕೈ ಹಾಕಿದ. “ತಡಿಯಣ್ಣ,” ಎಂದಳು ಅಜ್ಜಿ. “ನೀನು ಬಿಟ್ರೆ ಕೆರೆಕೋಡಿ ಬಂದ್ಬಿಡುತ್ತೆ. ತಲೆ ಬಾಚ್ಬೇಕು.” ತಂಗಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ನನ್ನಿಂದ ಎಣ್ಣೆ ಇಸಿದುಕೊಂಡು ಅಂಗೈಯಲ್ಲಿ ಬಿಸಿ ಮಾಡಿ ಹಚ್ಚಿದಳು. ಗಂಟುಗಳನ್ನು ಕತ್ತರಿಸಲಿಲ್ಲ, ತುದಿಯಿಂದ ಒಂದೊಂದಾಗಿ ಬಿಡಿಸಿದಳು. ಬಿಡಿಸುತ್ತ ಎಂದಿನಂತೆ ಅವ್ವನನ್ನು ಬೈದಳು. ಒಬ್ಬಳೇ ಬೈಯುವಾಗ ಮಾತು ಅಲ್ಲಲ್ಲಿ ನಿಲ್ಲುತ್ತಿತ್ತು, ಇನ್ನೊಬ್ಬಳ ಪಾಲಿನ ಬೈಗುಳಕ್ಕೆ ಜಾಗ ಬಿಟ್ಟ ಹಾಗೆ. ವಾರಗಟ್ಟಲೆ ಮನೆ ಕಾಣದೆ ಕೂತಿದ್ದ ಆ ಬಸ್ಸಿನಲ್ಲಿ ಒಬ್ಬರೂ ‘ಬೇಗ’ ಎನ್ನಲಿಲ್ಲ. ಮಿಲ್ಲಿನ ಮಧ್ಯಾಹ್ನದ ಸೈರನ್ನು ಕೂಗಿತು. ಜಡೆ ಹೆಣೆದು, ತುದಿಗೆ ತನ್ನ ಸೆರಗಿನ ದಾರ ಎಳೆದು ಕಟ್ಟಿ, ಅಜ್ಜಿ ಬಾಚಣಿಗೆಯಲ್ಲಿದ್ದ ಕೂದಲನ್ನು ಉಂಡೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹೂಂ, ಬಿಡಿ,” ಎಂದಳು.

ಸಾಬರು ಸೀಟಿ ಊದಿದರು. ಅದರ ಸದ್ದು ಅಡಗುವ ಮೊದಲೇ ಕೆರೆಕೋಡಿ ಬಂದಿತ್ತು.

ಮುದುಕರು ಒಬ್ಬೊಬ್ಬರಾಗಿ ಇಳಿದರು. ಇಳಿಯುವ ಮೊದಲು ಚಿಕ್ಕಜ್ಜಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು, ಅವಳಿಗಿಂತ ಹಿರಿಯರು ಕೂಡ. ಮಣ್ಣಿಗೆ ಊರಿಗೆ ಊರೇ ಸೇರಿತ್ತು. ವಾಪಸು ಬರುವಾಗ ನಮ್ಮ ಓಣಿಯವರೊಬ್ಬರು ಕೆರೆಕೋಡಿಯ ಆಸ್ಪತ್ರೆಯಲ್ಲಿ ತೀರಿಕೊಂಡು, ಆ ಹೆಣ ಮನೆಗೆ ಬರಬೇಕಿದ್ದರಿಂದ, ಅಜ್ಜಿ ಅದರ ಜೊತೆ ಬಂದು ಮನೆ ಸೇರಿದಳು. ಪುರಸಭೆಯಲ್ಲಿ ಲೋಕಪ್ಪ ಸಿಹಿ ಹಂಚಿದನಂತೆ. “ನೋಡಿದ್ರಾ, ಬಸ್ಸು ತಲುಪ್ತು ತಾನೆ? ಸ್ವಲ್ಪ ತಾಳ್ಮೆ ಬೇಕು ಅಷ್ಟೇ,” ಎಂದನಂತೆ. ಇನ್ನೊಂದು ಬಸ್ಸು ತರಿಸುವ ಮಾತೂ ನಡೆದಿದೆ.

ಮುಂದಿನ ಸಲ ಆ ಬಸ್ಸು ಹೊರಡುವ ದಿನ ಅಜ್ಜಿ ಬೆಳಿಗ್ಗೆಯೇ ಎದ್ದು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟಳು. ಬುತ್ತಿ ಕಟ್ಟಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಎಲ್ಲಿಗವ್ವ? ಚಿಕ್ಕಮ್ಮನೇ ಇಲ್ಲ.”

“ಅದಕ್ಕೇ,” ಎಂದಳು ಅಜ್ಜಿ. “ಅವರಿಗೆಲ್ಲ ಹೋಗೋಕೆ ಒಂದೊಂದು ಮನೆ ಇದೆ. ಒಬ್ರಿಗೆ ಮಗಳು, ಒಬ್ರಿಗೆ ಡಾಕ್ಟ್ರು, ಆ ರಂಗಣ್ಣನಿಗೆ ಮೊಮ್ಮಗನ ನಾಮಕರಣ. ನಂಗಿಲ್ಲ. ತಲುಪೋ ಮನೆ ಇಲ್ದಿರೋರು ಒಬ್ರಾದ್ರೂ ಇರ್ಬೇಕು ಕಣಮ್ಮಣ್ಣಿ ಆ ಬಸ್ಸಲ್ಲಿ.” ಅಮ್ಮ ಬೈದಳು, ಅತ್ತಳು, ಕೊನೆಗೆ ದಾರಿ ಬಿಟ್ಟಳು. ಅಜ್ಜಿ ಚೀಲದಿಂದ ಬಾಚಣಿಗೆ ತೆಗೆದು ನನ್ನ ಕೈಗಿಟ್ಟಳು. “ಗಂಟು ಇದ್ರೆ ತುದಿಯಿಂದ ಬಿಡಿಸ್ಬೇಕು. ಬುಡದಿಂದ ಎಳೀಬಾರ್ದು.”

ಈಗ ಬಸ್ಸು ಮತ್ತೆ ಮಿಲ್ಲಿನ ಗೋಡೆಯ ಹತ್ತಿರ ಇದೆ. ಆಚೆ ತುದಿಯಲ್ಲಿ ಕಾಯುವವರು ಗೊಣಗುತ್ತಾರೆ: ಹೋದ ಸಲಕ್ಕಿಂತ ತಡವಾಯಿತು, ಇನ್ನೂ ಯಾಕೆ ಬರಲಿಲ್ಲ ಎಂದು. ಯಾಕೆಂದು ಅವರಿಗೂ ಗೊತ್ತು: ಬಸ್ಸಿನಲ್ಲಿ ಇನ್ನೂ ಯಾರೂ ಸತ್ತಿಲ್ಲ. ಅಂಗಡಿ ಮುಚ್ಚಿ ನಾನು ದಿನವೂ ಅಲ್ಲಿಗೆ ಹೋಗುತ್ತೇನೆ. ಅಜ್ಜಿ ಮುಂದಿನ ಸೀಟಿನಲ್ಲಿ, ಒಪ್ಪವಾಗಿ, ಇಳಿಯುವ ಆತುರವಿಲ್ಲದವಳ ಹಾಗೆ ಕೂತಿರುತ್ತಾಳೆ. ಕಿಟಕಿಯಿಂದ ಕೈ ಚಾಚುತ್ತಾಳೆ, ಹಿಡಿದುಕೊಳ್ಳುತ್ತೇನೆ. ಹಿಡಿದ ಕೂಡಲೇ ಗೋಡೆ ನನಗೂ ಉದ್ದವಾಗುತ್ತದೆ. ಅದರ ತುದಿ ಕಾಣದಷ್ಟು ಉದ್ದವಾಗುತ್ತದೆ. ಬಾಚಣಿಗೆ ನನ್ನ ಬ್ಯಾಗಿನಲ್ಲಿದೆ. “ಇನ್ನೂ ಎಷ್ಟಿದೆ ಕಣೆ?” ಎಂದು ಅಜ್ಜಿ ಕೇಳುತ್ತಾಳೆ. “ತುಂಬ ಇದೆ ಅಜ್ಜಿ,” ಎನ್ನುತ್ತೇನೆ, ಮೂಗು ಮುಟ್ಟಿಕೊಳ್ಳದೆ.